ಭಾಲ್ಕಿಯ ಮಷೀನು, ಬೀದರಿನ ಸಾಕ್ಷಿ

ನಾನು ಔರಾದದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದವರು ಹೇಗೂ ಕೇಳುವ ಪ್ರಶ್ನೆ ಇದೇ: ಓದಿದವಳು, ಅದರಲ್ಲೂ ವಿಜ್ಞಾನ ಓದಿದವಳು, ಹೀಗೆ ಹೇಗೆ ಮಾಡಿದಳು? ಈ ಪ್ರಶ್ನೆಯನ್ನು ಡಾಕ್ಟರು ಕೇಳಿದ್ದಾರೆ. ಸಹೋದ್ಯೋಗಿಗಳು ಬಾಯಿಬಿಟ್ಟು ಕೇಳದೆ ಕಣ್ಣಿನಲ್ಲೇ ಕೇಳಿದ್ದಾರೆ. ನಾನಂತೂ ಔರಾದದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗಲೆಲ್ಲ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿದೆ. ಆದರೆ ಅದು ತಲೆಯೆತ್ತಿ ಹೇಳಿಕೊಳ್ಳುವಂಥ ಉತ್ತರವಲ್ಲ.

ಎಡಗಿವಿಯ ಕೆಳಗೆ, ದವಡೆ ತಿರುಗುವ ಕಡೆ ಒಂದು ಗಂಟು ಎದ್ದಿತ್ತು. ತೊಗರಿ ಕಾಳಿನಷ್ಟಿದ್ದಾಗ ನಾನು ಗಮನಿಸಲಿಲ್ಲ. ಬೋರೆಹಣ್ಣಿನಷ್ಟಾದಾಗ ನನ್ನ ಗಂಡ ವಸಂತ ಗಮನಿಸಿದರು. ಅವರು ಬೀದರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಗಾಡಿಯ ಸದ್ದು ಚೂರು ಬದಲಾದರೂ ಇಳಿದು ನೋಡುವ ಸ್ವಭಾವದವರು. ಊಟಕ್ಕೆ ಕೂತಾಗ ಗಂಟಿನ ಮೇಲೆ ಬೆರಳಿಟ್ಟು, "ಏನದ ಇದು? ಯಾವಾಗ ಆಗ್ಯಾದ?" ಅಂದರು. ನೋವಿರಲಿಲ್ಲ. ನೋವಿಲ್ಲವೆಂದ ಮೇಲೆ ಚಿಂತೆಯೂ ಇಲ್ಲ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಅವರು ಬಿಡಲಿಲ್ಲ. ಬೀದರಿನ ಕಿವಿ-ಮೂಗು-ಗಂಟಲಿನ ಡಾಕ್ಟರು ಒತ್ತಿ ನೋಡಿ, ಮುಖದ ನಗು ಕಡಿಮೆ ಮಾಡಿಕೊಂಡು, ಹೈದರಾಬಾದಿಗೆ ಹೋಗಿ ಅಂದರು.

ಹೈದರಾಬಾದಿನ ಆ ದೊಡ್ಡ ಆಸ್ಪತ್ರೆಯ ಕಾಯುವ ಹಾಲ್ ನಮ್ಮ ಬಸ್ ನಿಲ್ದಾಣದಂತೆಯೇ ಇತ್ತು. ವ್ಯತ್ಯಾಸವೆಂದರೆ ಇಲ್ಲಿ ಯಾರಿಗೂ ತಮ್ಮ ಬಸ್ ಬರುವುದು ಬೇಕಿರಲಿಲ್ಲ. ಸೂಜಿ ಚುಚ್ಚಿ ಮಾದರಿ ತೆಗೆದರು. ಅದಾದ ಮೇಲೆ ಗಂಟಿನ ಸುತ್ತ ರಕ್ತ ಕಟ್ಟಿ ಕೆನ್ನೆ ಬನ್ನಿನ ಹಾಗೆ ಊದಿತು. ಇಳಿಯುತ್ತದೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಈ ಮಾತನ್ನು ನೆನಪಿಡಿ. ನಾನು ಮರೆತೆ.

ವರದಿ ಬಂತು. ಜೊಲ್ಲಿನ ಗ್ರಂಥಿಯ ಕ್ಯಾನ್ಸರ್, ಅದರಲ್ಲೂ ಅಪರೂಪದ ಜಾತಿ. ನಿಧಾನಕ್ಕೆ ಬೆಳೆಯುತ್ತದೆ, ಆದರೆ ನರ ಹಿಡಿದುಕೊಂಡು ಹೋಗುವ ಚಾಳಿ ಅದಕ್ಕಿದೆ ಎಂದು ಸರ್ಜನ್ ವಿವರಿಸಿದರು. ಮುಖ ಆಡಿಸುವ ನರ ಅದೇ ಗ್ರಂಥಿಯ ನಡುವೆ ಹಾದುಹೋಗುತ್ತದಂತೆ. ಈಗಲೇ ತೆಗೆದರೆ ನರ ಉಳಿಸಲು ಪ್ರಯತ್ನ ಮಾಡುತ್ತೇನೆ, ಮಾತು ಕೊಡಲಾರೆ ಎಂದರು. ಪ್ರಾಮಾಣಿಕ ಮನುಷ್ಯ. ನಾನು ಆ ವಾಕ್ಯದಲ್ಲಿ 'ಈಗಲೇ' ಎಂಬುದನ್ನು ಕೇಳಲಿಲ್ಲ, 'ಮಾತು ಕೊಡಲಾರೆ' ಎಂಬುದಷ್ಟನ್ನೇ ಕೇಳಿದೆ. ನನ್ನ ಮೊದಲ ಪ್ರಶ್ನೆ ಬದುಕುತ್ತೇನೋ ಇಲ್ಲವೋ ಎಂದಲ್ಲ. "ಮುಖ ಸೊಟ್ಟಗಾಗುತ್ತದೆಯೇ ಸರ್?" ಎಂದು ಕೇಳಿದೆ. ಆಗಬಹುದು ಎಂದರು.

ಇದೇ ನಾನು ಮೊದಲು ಹೇಳಿದ ಉತ್ತರ. ವಿಜ್ಞಾನದ ಮೇಲೆ ನನಗೆ ಸಂಶಯ ಹುಟ್ಟಲಿಲ್ಲ, ದೇವರ ಮೇಲೆ ವಿಶೇಷ ಭಕ್ತಿಯೂ ಉಕ್ಕಲಿಲ್ಲ. ನಾನು ಚೆಲುವೆ ಎಂದು ಹದಿನಾರರಿಂದ ಕೇಳಿಕೊಂಡು ಬಂದವಳು. ಚರ್ಚಿನ ಗಾಯನವೃಂದದಲ್ಲಿ ಮುಂದಿನ ಸಾಲು, ಶಾಲೆಯ ಕಾರ್ಯಕ್ರಮಗಳಲ್ಲಿ ನಿರೂಪಣೆ, ಎಲ್ಲ ಈ ಮುಖದ್ದೇ ಗಳಿಕೆ. ಆ ಮುಖ ಹೋಗುತ್ತದೆ ಎಂದ ತಕ್ಷಣ ಬುದ್ಧಿ ಬಾಗಿಲು ತೆರೆದುಕೊಂಡು ಹೊರಟೇ ಹೋಯಿತು.

ನನ್ನ ಅಕ್ಕ ನಿರ್ಮಲಾ ಭಾಲ್ಕಿಯಲ್ಲಿದ್ದಾಳೆ. ನನ್ನನ್ನು ಅವಳು ಪ್ರೇಮಿ ಎಂದೇ ಕರೆಯುವುದು. ಸುದ್ದಿ ತಿಳಿದ ದಿನವೇ ಫೋನು ಮಾಡಿದಳು. "ಪ್ರೇಮಿ, ಕತ್ತರಿ ಹಾಕಿಸ್ಕೋಬ್ಯಾಡ. ನಮ್ಮ ಭಾಲ್ಕಿಗಿ ಒಬ್ಬರು ಸರ್ ಬಂದಾರ. ಫ್ರೀಕ್ವೆನ್ಸಿ ಕೊಡ್ತಾರ. ನನ್ನ ಮೊಣಕಾಲ ನೋಡು, ಹ್ಯಾಂಗ ಓಡಾಡ್ಲಾಕತ್ತೀನಿ! ಕ್ಯಾನ್ಸರಿಗೂ ಅದ ಅಂತ."

"ಹೈದರಾಬಾದಿಗೂ ಹೋಗೋಣ, ಇದೂ ಮಾಡೋಣ," ಅಂದರು ವಸಂತ. ಪಾಪ, ನಡುವಿನ ದಾರಿ ಹುಡುಕಿದರು. ನಾನು ಮೈಮೇಲೆ ಹೋದೆ. "ನಿಮಗ ಸೊಟ್ಟ ಮುಖದ ಹೇಣ್ತಿ ಬೇಕೇನ್ರಿ? ನಾಳಿ ಯಾರದರ ಮದುವಿಗೆ ನನ್ನ ಜೋಡಿ ಬರ್ತೀರೇನ್ರಿ?" ಅಂದೆ. ಅವರು ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬೈಕಿನಲ್ಲಿ ಕೂರಿಸಿಕೊಂಡು ಭಾಲ್ಕಿಗೆ ಕರೆದೊಯ್ದರು. ನಾನು ಒಳಗೆ ಹೋದರೆ ಅವರು ಕೆಳಗೆ ಬೇವಿನ ಮರದ ನೆರಳಿನಲ್ಲಿ ನಿಂತಿರುತ್ತಿದ್ದರು.

ಫ್ರೀಕ್ವೆನ್ಸಿ ಕೊಡುವ ಆ ಕೇಂದ್ರ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಫ್ರೀಕ್ವೆನ್ಸಿ ಸರ್ ಮೋಸಗಾರನ ಹಾಗೆ ಕಾಣುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ದನಿ, ಮಾತಿಗೊಮ್ಮೆ "ಅಮ್ಮಾ". ಚಹಾ ತರಿಸುತ್ತಿದ್ದರು. ಹೈದರಾಬಾದಿನಲ್ಲಿ ನಾನು ಒಂದು ಟೋಕನ್ ಆಗಿದ್ದೆ. ಇಲ್ಲಿ ನನ್ನ ಬಾಲ್ಯ, ನಿದ್ದೆ, ಕನಸು, ಸಿಟ್ಟು ಎಲ್ಲವನ್ನೂ ಕೂತು ಕೇಳಿದರು. ಆಸ್ಪತ್ರೆ ಬಿಟ್ಟು ಜನ ಇಂಥ ಕಡೆ ಯಾಕೆ ಹೋಗುತ್ತಾರೆ ಎಂದು ಬೈಯುವವರು ಇದೊಂದನ್ನು ತಿಳಿದುಕೊಳ್ಳಬೇಕು. ಕೇಳಿಸಿಕೊಳ್ಳುವವರು ಸಿಕ್ಕರೆ ಹೆದರಿದವರು ಅಲ್ಲೇ ಕೂತುಬಿಡುತ್ತಾರೆ.

ಮಷೀನು ಟಿಫಿನ್ ಕ್ಯಾರಿಯರಿನಷ್ಟು ದೊಡ್ಡದು. ಎರಡು ಉಕ್ಕಿನ ಕೊಳವೆ ಕೈಯಲ್ಲಿ ಹಿಡಿಯಬೇಕು, ಒದ್ದೆ ಬಟ್ಟೆಯ ಮೇಲೆ ಕಾಲಿಡಬೇಕು. ಮೈಯಲ್ಲಿ ಸಣ್ಣಗೆ ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ಕೆಂಪು ಪಟ್ಟಿ ನಿಧಾನಕ್ಕೆ ಹಸಿರಾಗುತ್ತದೆ. ಒಂದೊಂದು ರೋಗಕ್ಕೂ ಒಂದೊಂದು ಕಂಪನವಿದೆ, ಸರಿಯಾದ ಕಂಪನ ತಾಗಿದರೆ ಕೆಟ್ಟ ಕೋಶ ಗಾಜಿನಂತೆ ಒಡೆಯುತ್ತದೆ, ಒಳ್ಳೆಯದಕ್ಕೆ ಏನೂ ಆಗುವುದಿಲ್ಲ ಎಂದು ಸರ್ ಹೇಳಿದರು. ನಾನು ವಿಜ್ಞಾನದ ಟೀಚರ್ ಅಲ್ಲವೇ, ಸುಮ್ಮನಿರಲಿಲ್ಲ. "ಎಷ್ಟು ಹರ್ಟ್ಸ್ ಇಡ್ತೀರಿ ಸರ್?" ಎಂದು ಕೇಳಿದೆ. ಅವರು ದಶಮಾಂಶದ ಸಮೇತ ಒಂದು ಸಂಖ್ಯೆ ಹೇಳಿದರು. ಪರೀಕ್ಷೆ ಮಾಡಿದೆ, ಪಾಸಾದರು ಎಂದು ನಾನು ತಲೆಯಾಡಿಸಿದೆ. ಅದು ನಿಮಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ನಾನು ಮೊದಲ ವಾರ ಕಲಿಸುವ ಪ್ರಶ್ನೆ ಅದು. ಆ ತಲೆಯಾಡಿಸಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಮೇಲೆ ನಡೆದದ್ದು ಇಷ್ಟೇ. ಸೂಜಿ ಚುಚ್ಚಿದ್ದರಿಂದ ಬಂದ ಊತ ತನ್ನ ಪಾಡಿಗೆ ತಾನು ಇಳಿಯಿತು. ಕೆನ್ನೆ ಮೊದಲಿನ ಹಾಗಾಯಿತು. ಒಳಗಿನ ಗಂಟು ಇತ್ತು, ಆದರೆ ನಾನು ಒತ್ತಿ ನೋಡುವುದನ್ನೇ ಬಿಟ್ಟಿದ್ದೆ. ಕನ್ನಡಿ ನೋಡುತ್ತಿದ್ದೆ. ಕನ್ನಡಿಯಲ್ಲಿ ಎಲ್ಲ ಚೆನ್ನಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನೊಬ್ಬಳ ಮೂರ್ಖತನವಾಗಿ ಉಳಿಯುತ್ತಿತ್ತು. ನಾವು ಮೆಥೋಡಿಸ್ಟ್ ಕ್ರೈಸ್ತರು. ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಯಾರಿಗಾದರೂ ರೋಗ ವಾಸಿಯಾದರೆ, ಕೆಲಸ ಸಿಕ್ಕರೆ, ಅಪಘಾತದಲ್ಲಿ ಉಳಿದುಕೊಂಡರೆ, ಸಭೆಯ ಮುಂದೆ ನಿಂತು ದೇವರು ನನಗೆ ಇಂಥ ಉಪಕಾರ ಮಾಡಿದ ಎಂದು ಹೇಳುತ್ತಾರೆ. ಕೂತವರು "ಸ್ತೋತ್ರ" ಅನ್ನುತ್ತಾರೆ. ಅದು ಸುಮ್ಮನೆ ಮಾತಲ್ಲ. ದೇವರ ಎದುರು ಆಡಿದ್ದು. ಚಿಕ್ಕಂದಿನಿಂದ ನಾನು ಕೇಳಿದ ಯಾವ ಸಾಕ್ಷಿಯನ್ನೂ ಯಾರೂ ಪ್ರಶ್ನಿಸಿದ್ದು ನೋಡಿಲ್ಲ.

ಆ ಬೇಸಿಗೆಯಲ್ಲಿ ಬೀದರಿನ ಚರ್ಚಿನಲ್ಲಿ ವಾರ್ಷಿಕ ಕೂಟವಿತ್ತು. ಹಳ್ಳಿಗಳ ಸಭೆಯವರೂ ಬಂದಿದ್ದರು. ಹೊರಗೆ ಶಾಮಿಯಾನ, ದೊಡ್ಡ ಹಂಡೆಗಳಲ್ಲಿ ಅನ್ನ, ಒಳಗೆ ಜಮಖಾನೆಯ ಮೇಲೆ ಕಿಕ್ಕಿರಿದ ಜನ. ಸಾಕ್ಷಿ ಹೇಳುವವರು ಬರಬಹುದು ಎಂದಾಗ ನಾನು ಎದ್ದೆ. ನನಗೆ ಯಾರೂ ಹೇಳು ಅಂದಿರಲಿಲ್ಲ. ಭಾಲ್ಕಿಯ ಸರ್ ಕೂಡ ಕೇಳಿರಲಿಲ್ಲ. ನಾನೇ ಶಾಲೆಯ ಪ್ರಯೋಗಾಲಯದಿಂದ ಟ್ಯೂನಿಂಗ್ ಫೋರ್ಕ್ ತಂದಿದ್ದೆ, ಹೊಡೆದರೆ ಗುಂಯ್ ಎನ್ನುವ ಆ ಎರಡು ಕವಲಿನ ಉಕ್ಕಿನ ಸಲಕರಣೆ. ಪರ್ಸಿನಿಂದ ತೆಗೆದು ಅಂಗೈಗೆ ಹೊಡೆದು ಮೈಕಿನ ಹತ್ತಿರ ಹಿಡಿದೆ. ಇಡೀ ಚರ್ಚು ಗುಂಯ್ ಅಂತು. "ಇದರ ಹೆಸರು ಕಂಪನ," ಅಂದೆ. "ಜಗತ್ತನ್ನು ದೇವರು ತನ್ನ ಧ್ವನಿಯಿಂದಲೇ ಉಂಟುಮಾಡಿದ. ಅದೇ ಕಂಪನದಿಂದ, ಭಾಲ್ಕಿಯ ಒಂದು ಮಷೀನಿನ ಮೂಲಕ, ಈಗ ನನ್ನ ಕ್ಯಾನ್ಸರನ್ನೂ ಒಡೆದಿದ್ದಾನೆ." ಸ್ತೋತ್ರ, ಸ್ತೋತ್ರ ಎಂದರು ಜನ. ಕೆಲವರು ಅತ್ತರು. ನಾನು ಚೆಂದ ಮಾತಾಡಿದೆ ಎಂದು ನನಗೇ ಅನಿಸಿತು. ಗಂಡಸರ ಕಡೆ ಕೂತಿದ್ದ ವಸಂತ ತಲೆ ತಗ್ಗಿಸಿದ್ದರು, ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡೆ.

ಊಟದ ಹೊತ್ತಿಗೆ ಲಲಿತಮ್ಮ ಹತ್ತಿರ ಬಂದಳು. ಅವಳು ಠಾಣಾ ಕುಶನೂರಿನವಳು, ನನ್ನ ತವರು ಮನೆಯ ಎದುರು ಮನೆಯ ಸೊಸೆ. ತೊಗರಿ, ಸೋಯಾ ಬೆಳೆಯುವ ಹೊಲವಿದೆ. ಗಂಡನಿಗಿಂತ ಜೋರಾಗಿ ಕುಂಟೆ ಹೊಡೆಯುತ್ತಾಳೆ ಎಂದು ಊರಿನಲ್ಲಿ ಚೇಷ್ಟೆ ಮಾಡುತ್ತಾರೆ. ಅವಳ ಗಂಟಲಿನ ಮುಂದೆ ಒಂದು ಗಂಟು ಎದ್ದಿತ್ತು. ಥೈರಾಯ್ಡ್ ಗ್ರಂಥಿಯದು, ಕ್ಯಾನ್ಸರಿನ ಅಂಶ ಇದೆ, ಹೆದರಬೇಡಿ, ತೆಗೆದರೆ ವಾಸಿಯಾಗುವಂಥದ್ದು ಎಂದು ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ಹೇಳಿ ಆಪರೇಷನ್ನಿಗೆ ದಿನ ಕೊಟ್ಟಿದ್ದರು.

"ಟೀಚರ್ರಿ, ನನಗ ಆಪರೇಷನ್ ಬ್ಯಾಡ ಅಂತೀರೇನ್ರಿ?" ಅಂದಳು, ತಟ್ಟೆ ಕೈಯಲ್ಲೇ ಇತ್ತು.

ಆಗ ನಾನು ಆಡಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ನಾ ಬ್ಯಾಡ ಅಂತ ಹೇಳಂಗಿಲ್ಲ ಲಲಿತಾ. ಖರೇ ನನ್ನ ನೋಡು," ಅಂದೆ. ಹೇಳಿ ಎಡಗೆನ್ನೆಯನ್ನು ಅವಳ ಕಡೆ ತಿರುಗಿಸಿದೆ. ಬೇಡ ಎಂದು ಹೇಳಲಿಲ್ಲ ಎಂಬ ಆ ಜಾಣತನವೇ ನನಗೆ ಎಲ್ಲಕ್ಕಿಂತ ಹೇಸಿಗೆಯಾಗಿ ಕಾಣುತ್ತದೆ.

ಮಳೆಗಾಲ ಚೆನ್ನಾಗಿಯೇ ಕಳೆಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಎಡಗಣ್ಣಿಗೆ ಸಾಬೂನು ಹೋಯಿತು. ಮರುದಿನವೂ ಹೋಯಿತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಕುಡಿದ ಚಹಾ ಬಾಯಿಯ ಮೂಲೆಯಿಂದ ಸೀರೆಗೆ ಸೋರಿತು. ಯಾರೂ ನೋಡಲಿಲ್ಲ ಎಂಬಂತೆ ಎಲ್ಲರೂ ಬೇರೆ ಕಡೆ ನೋಡಿದರು. ಭಾಲ್ಕಿಗೆ ಓಡಿದೆ. ಸರ್ ಮುಖ ನೋಡಿ ಸಂತೋಷಪಟ್ಟರು. "ವಿಷ ಹೊರಗ ಬೀಳ್ಲಾಕತ್ತದಮ್ಮಾ. ಒಳ್ಳೇ ಲಕ್ಷಣ. ಈಗ ಬಿಟ್ಟ್ರ ಎಲ್ಲ ಹಾಳಾಗ್ತದ," ಅಂದರು. ಅದನ್ನೂ ನಂಬಿ ಕೊಳವೆ ಹಿಡಿದು ಕೂತೆ. ನಂಬಿದೆ ಅನ್ನುವುದೂ ಸುಳ್ಳು. ನಂಬದಿದ್ದರೆ ಮೈಕಿನ ಮುಂದೆ ಹೇಳಿದ್ದು ಏನಾಗುತ್ತದೆ ಎಂಬ ಭಯದಿಂದ ಕೂತಿದ್ದೆ. ಜನ ಏನಂದಾರು ಎನ್ನುವುದಕ್ಕೆ ಮುಖದ ಅರ್ಧ ಭಾಗವನ್ನು ಕೊಡುತ್ತ ಕೂತಿದ್ದೆ.

ಕೆಳಗಿಳಿದು ಬಂದಾಗ ವಸಂತ ಬೈಕ್ ಶುರು ಮಾಡಲಿಲ್ಲ. "ಕೂಡು" ಎಂದು ಕಟ್ಟೆ ತೋರಿಸಿದರು. ಕೂತೆ. "ನಾಳಿ ಹೈದರಾಬಾದಿಗಿ ಹೋಗ್ಲಾಕ ರಜಾ ಹಾಕೀನಿ," ಅಂದರು. "ನೀ ಬಂದ್ರ ಇಬ್ಬರೂ ಹೋಗೋಣ. ಬರ್ಲಿಲ್ಲಂದ್ರ ನಾ ಒಬ್ಬನೇ ಹೋಗಿ ಡಾಕ್ಟರ್ ಮುಂದ ಕುಂತು ಬರ್ತೀನಿ. ನನಗ ಮನಿಯಾಗ ಕೂಡ್ಲಾಕ ಆಗವಲ್ಲದು." ಅಂದು ಅಕ್ಕನ ಮನೆಗೂ ಹೋಗದೆ ವಾಪಸ್ ಬಂದೆವು.

ಅದೇ ಸರ್ಜನ್, ಅದೇ ಕೋಣೆ. ಅವರು ಹೊಸ ಸ್ಕ್ಯಾನನ್ನೂ ಹಳೆಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಏನು ಮಾಡುತ್ತಿದ್ದಿರಿ ಇಷ್ಟು ದಿನ ಎಂದು ಕೇಳಿದರು. ಹೇಳಿದೆ. ಏನು ಕೆಲಸ ನಿಮ್ಮದು ಎಂದರು. ಅದನ್ನೂ ಹೇಳಿದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ನರ ಈಗ ಉಳಿಯುವುದಿಲ್ಲ, ಅದರೊಳಗೇ ರೋಗ ಹೋಗಿದೆ, ಗಂಟಿನ ಜೊತೆ ತೆಗೆಯಬೇಕು ಎಂದರು. ಯಾವ ಮುಖ ಉಳಿಸಿಕೊಳ್ಳಲು ಭಾಲ್ಕಿಗೆ ಹೋಗಿದ್ದೆನೋ ಅದನ್ನು ಅಲ್ಲೇ ಕಳೆದುಕೊಂಡು ಬಂದಿದ್ದೆ.

ಆಪರೇಷನ್ನಿನ ವಿವರ ಬೇಡ, ನನಗೂ ನೆನಪಿಲ್ಲ. ಆ ವರ್ಷದ ಕ್ರಿಸ್ಮಸ್ ಆಸ್ಪತ್ರೆಯಲ್ಲೇ ಆಯಿತು. ಬಳಿಕ ರೇಡಿಯೇಷನ್. ಮುಖಕ್ಕೆ ಅಚ್ಚು ಹೊಯ್ದು ಮಾಡಿದ ಜಾಲರಿಯ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ. ಬಾಯಿ ಹುಣ್ಣಾಗಿ ನೀರೂ ಮೆಣಸಿನಕಾಯಿಯಂತೆ ಉರಿಯುತ್ತಿತ್ತು. ವಸಂತ ಬಾಡಿಗೆ ಕೋಣೆಯಲ್ಲಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಕಿವುಚಿ, ಆರಿಸಿ, ಚಮಚೆಯಲ್ಲಿ ಕೊಡುತ್ತಿದ್ದರು. ಒಂದು ದಿನವೂ "ನಾ ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ.

ಕಾಯುವ ಹಾಲಿನಲ್ಲಿ ಬೀದರಿನವರೇ ಒಬ್ಬ ಮುಸ್ಲಿಂ ಹೆಂಗಸು ಸಿಗುತ್ತಿದ್ದರು, ಗಂಡನನ್ನು ಕರೆತರುತ್ತಿದ್ದರು. ನಾನು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತರೆ ಬಂದು ಪಕ್ಕದಲ್ಲೇ ಕೂರುತ್ತಿದ್ದರು. "ಫಿಕರ್ ನಕ್ಕೋ ಕರೋ ಬಾಜಿ," ಅನ್ನುವರು, ಚಿಂತೆ ಮಾಡಬೇಡ ಅಕ್ಕಾ ಎಂದು. ಮುಚ್ಚದ ಕಣ್ಣಿಗೆ ಮಲಗುವಾಗ ಮುಲಾಮು ಹಚ್ಚಿ ಮೇಲೆ ಕಾಗದದ ಪಟ್ಟಿ ಹೇಗೆ ಅಂಟಿಸಬೇಕೆಂದು ತಾವೇ ಅಂಟಿಸಿ ತೋರಿಸಿದರು. ಅವರ ಗಂಡನಿಗೂ ಹಾಗೇ ಆಗಿತ್ತಂತೆ. ನನ್ನ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಬೆರಳು ಕಣ್ಣರೆಪ್ಪೆಯ ಮೇಲೆ ಅಷ್ಟು ಮೆತ್ತಗೆ ಓಡಾಡಿದ್ದು ಆ ದಿನಗಳಲ್ಲಿ ನನಗೆ ಸಿಕ್ಕ ದೊಡ್ಡ ಔಷಧ.

ಒಂದು ದಿನ ಅಕ್ಕ ಫೋನು ಮಾಡಿದಳು. ನಾನು ಮಷೀನು ನಡುವೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂಬ ವಾದ ಅವಳದು, ಇವತ್ತಿಗೂ ಅದೇ. ಬೈದು ಮುಗಿಸಿ, "ನೋಡು, ಕುಶನೂರಿನ ಲಲಿತಾ ಹ್ಯಾಂಗ ನಂಬಿಗಿಲಿಂದ ಬರ್ಲಾಕತ್ತಾಳ. ವಾರಾ ವಾರಾ ಬರ್ತಾಳ, ನಮ್ಮನಿಯಾಗೇ ಉಂಡು ಹೋಗ್ತಾಳ," ಅಂದಳು.

ಲಲಿತಮ್ಮನ ಆಪರೇಷನ್ ಎಂದೋ ಆಗಿರಬೇಕೆಂದು ನಾನು ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಎಂದರೆ, ವಿಚಾರಿಸಿರಲಿಲ್ಲ. ನನ್ನ ಮುಖದ ಗಲಾಟೆಯಲ್ಲಿ ಅವಳ ಗಂಟಲು ನನಗೆ ಮರೆತೇ ಹೋಗಿತ್ತು.

ರೇಡಿಯೇಷನ್ ಮುಗಿದು ಬೀದರಿಗೆ ಬಂದ ಮೇಲೆ ಮೊದಲು ಹೋಗಿದ್ದು ಠಾಣಾ ಕುಶನೂರಿಗೆ. ಬಸ್ಸಿನಿಂದ ಇಳಿದು ಸೆರಗು ಬಿಗಿ ಮಾಡಿಕೊಂಡು ನಡೆದೆ. ಲಲಿತಮ್ಮ ಮನೆಯ ಮುಂದೆ ತೊಗರಿ ಹಸನು ಮಾಡುತ್ತಿದ್ದಳು. ಗಂಟು ಈಗ ದೂರದಿಂದಲೇ ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂತು ಸೆರಗು ತೆಗೆದೆ. ಅವಳು ನೋಡಿದಳು, ಕಣ್ಣು ತಿರುಗಿಸಲಿಲ್ಲ. ನಾನು ಎಲ್ಲ ಹೇಳಿದೆ. ಊತ ಇಳಿದದ್ದು ಸೂಜಿಯ ಊತ, ರೋಗ ಅಲ್ಲೇ ಇತ್ತು, ನಾಳೆಯೇ ಆಸ್ಪತ್ರೆಗೆ ನಡೆ ಎಂದೆ. ಪ, ಬ, ಮ ಬಂದಲ್ಲೆಲ್ಲ ತುಟಿ ಸೇರದೆ ಗಾಳಿ ಹೋಗುತ್ತಿತ್ತು. ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು.

ಅವಳು ಮೊರ ಕೆಳಗಿಟ್ಟಳು. "ಟೀಚರ್ರಿ, ಅವತ್ತ ನೀವು ದೇವರ ಮುಂದ ನಿಂತು ಹೇಳಿದ್ರಿ. ಇವತ್ತ ನಮ್ಮ ಕಟ್ಟಿ ಮ್ಯಾಲ ಕುಂತು ಹೇಳ್ಲಾಕತ್ತೀರಿ. ನಾ ಯಾವುದು ಖರೇ ತಿಳೀಲಿ?"

"ಇದು ಖರೇ, ಲಲಿತಾ."

"ಹಂಗಿದ್ರ ಅಲ್ಲೇ ನಿಂತು ಹೇಳ್ರಿ. ನಾ ಬಂದು ಕೇಳ್ತೀನಿ. ಸಾಕ್ಷಿ ಕೇಳಿ ಆಸ್ಪತ್ರಿ ಬಿಟ್ಟೀನಿ, ಸಾಕ್ಷಿ ಕೇಳೇ ಹೋಗ್ತೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲದ ಬದು ಎಲ್ಲಿ ಎಂದು ತೋರಿಸುವವರ ಹಾಗೆ ಹೇಳಿದಳು.

ಪಾಸ್ಟರ್ ಒಳ್ಳೆಯವರು. ಆದರೆ ನನ್ನ ಮಾತು ಕೇಳಿ ಕಂಗಾಲಾದರು. "ಮೇಡಂ, ಕೊಟ್ಟ ಸಾಕ್ಷಿ ವಾಪಸ್ ತಗೊಳ್ಳೋದು ನಮ್ಮೊಳಗ ಎಂದೂ ನಡೆದಿಲ್ರಿ. ಜನರ ನಂಬಿಕಿ ಅಲ್ಲಾಡ್ತದ. ನಿಮ್ಮ ಸಲುವಾಗಿ ವಿಶೇಷ ಪ್ರಾರ್ಥನಾ ಇಡೋಣ್ರಿ, ಅಷ್ಟು ಸಾಕು." ನನಗೂ ಅಷ್ಟು ಸಾಕು ಅನಿಸಿತು. ಒಂದು ಕ್ಷಣವಲ್ಲ, ಇಡೀ ವಾರ ಅನಿಸಿತು. ಎಲ್ಲರೂ ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸುತ್ತಾರೆ, ನಾನು ಅಯ್ಯೋ ಪಾಪ ಅನಿಸಿಕೊಂಡು ಕೂತಿರುತ್ತೇನೆ. ಎಷ್ಟು ಸುಲಭ! ಆದರೆ ಲಲಿತಮ್ಮನ ಗಂಟಲು ಕಣ್ಣ ಮುಂದಿತ್ತು. ಮತ್ತೆ ಹೋಗಿ ಪಟ್ಟು ಹಿಡಿದೆ. ಕೊನೆಗೆ ಅವರು, "ಹೇಳ್ರಿ. ನಾ ಪಕ್ಕದಾಗ ನಿಂದರ್ತೀನಿ," ಅಂದರು.

ಈಸ್ಟರಿಗೆ ಮುಂಚಿನ ಒಂದು ಭಾನುವಾರ. ಲಲಿತಮ್ಮ ಬೆಳಗಿನ ಬಸ್ಸಿಗೆ ಬಂದು ಹೆಂಗಸರ ಕಡೆ ಮುಂದೆಯೇ ಕೂತಿದ್ದಳು. ಮೈಕಿನ ಮುಂದೆ ನಿಂತು ಸೆರಗು ಕೆನ್ನೆಯಿಂದ ಸರಿಸಿದೆ. ಕೂತವರಿಂದ ಉಸಿರು ಎಳೆದುಕೊಂಡ ಸದ್ದು ಬಂತು. "ಹೋದ ಬೇಸಿಗೆಯಲ್ಲಿ ಇಲ್ಲೇ ನಿಂತು ನಾನು ಹೇಳಿದ ಸಾಕ್ಷಿ ಸುಳ್ಳು," ಅಂದೆ. "ನನ್ನ ರೋಗ ವಾಸಿಯಾಗಿರಲಿಲ್ಲ. ಮಷೀನಿನಿಂದ ಏನೂ ಆಗಲಿಲ್ಲ. ಮುಖದ ಆಸೆಗೆ ನಾನು ನಂಬಿದೆ, ಹೊಗಳಿಕೆಯ ಆಸೆಗೆ ನಿಮಗೂ ನಂಬಿಸಿದೆ. ನನ್ನ ಮಾತು ಕೇಳಿ ಯಾರಾದರೂ ಆಸ್ಪತ್ರೆ ಬಿಟ್ಟಿದ್ದರೆ ದಯವಿಟ್ಟು ನಾಳೆಯೇ ಹೋಗಿ." ಹಿಂದಿನಿಂದ ಯಾರೋ ಅಭ್ಯಾಸಬಲದಿಂದ "ಸ್ತೋತ್ರ" ಅಂದು, ತಪ್ಪಾಯಿತೆಂದು ಕೆಮ್ಮಿದರು. ಇಂಥದಕ್ಕೆ ಹೇಳುವ ಮಾತು ನಮ್ಮ ಪದ್ಧತಿಯಲ್ಲಿ ಇಲ್ಲ. ನಾನು ಅಷ್ಟು ಉದ್ದದ ಚರ್ಚನ್ನು ದಾಟಿ ಜಾಗಕ್ಕೆ ಹೋಗಿ ಕೂತೆ. ಧೈರ್ಯ ಮಾಡಿದೆ ಎಂದು ಕೆಲವರು ಆಮೇಲೆ ಹೇಳಿದರು. ಧೈರ್ಯವಲ್ಲ. ಬಟ್ಟೆ ಕಳಚಿ ನಿಂತ ಹಾಗಿತ್ತು.

ಗೇಟಿನ ಹತ್ತಿರ ಲಲಿತಮ್ಮ ಕಾಯುತ್ತಿದ್ದಳು. "ನಾಳಿ ಆಸ್ಪತ್ರಿಗಿ ಜೋಡಿ ಬರ್ತೀರೇನ್ರಿ ಟೀಚರ್?" ಅಂದಳು.

ಅವಳ ಆಪರೇಷನ್ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಓದುವವರಿಗೆ ಎದೆ ಹೊಡೆದುಕೊಳ್ಳುವುದು ನನಗೆ ಗೊತ್ತು. ಆಯಿತು. ಮೊದಲೇ ಹೋಗಿದ್ದರೆ ಗಂಟಲ ಮುಂದಿನದನ್ನಷ್ಟೇ ತೆಗೆಯುತ್ತಿದ್ದರು. ಈಗ ಕತ್ತಿನ ಪಕ್ಕಕ್ಕೂ ಹೋಗಿದ್ದರಿಂದ ಕಿವಿಯ ತನಕ ಕೊಯ್ಯಬೇಕಾಯಿತು. ಹಾಡುವಾಗ ದನಿ ಒಡೆಯುತ್ತದೆ, ಒಂದು ಭುಜ ಮೇಲೆತ್ತಲು ಕಷ್ಟ. ದಿನಾ ಮಾತ್ರೆ, ಆಗಾಗ ತಪಾಸಣೆ. ಬದುಕಿದ್ದಾಳೆ, ಹೊಲಕ್ಕೆ ಹೋಗುತ್ತಾಳೆ. ನನ್ನ ರೋಗವೂ ಸದ್ಯಕ್ಕೆ ಸುಮ್ಮನಿದೆ. ಮರಳಿ ಬರುವ ಚಾಳಿ ಅದಕ್ಕಿದೆಯಂತೆ, ನೋಡೋಣ. ಶಾಲೆಗೆ ಹೋಗುತ್ತೇನೆ. ಮಕ್ಕಳು ಬೇಗ ಒಗ್ಗಿಕೊಂಡರು, ನಾನೇ ತಡ ಮಾಡಿದೆ. ಭಾಲ್ಕಿಯ ಆ ಕೇಂದ್ರದ ಬೋರ್ಡು ಈಗಲೂ ಇದೆ. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಮೆಟ್ಟಿಲು ಹತ್ತಿ ಬಂದು ಈಗ ಡಾಕ್ಟರ ಬಳಿ ಹೋಗಲು ನಾಚಿಕೊಂಡು ಕೂತಿದ್ದರೆ, ನಾಚಿಕೆ ಜೊತೆಗೇ ಇರಲಿ, ಅದನ್ನು ಕರೆದುಕೊಂಡೇ ಹೋಗಿ.

ಆ ಸೋಮವಾರದ ಮಾತು ಒಂದು ಉಳಿದಿದೆ. ಡಾಕ್ಟರ ಕೋಣೆಯಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು. ತರುಣ ಡಾಕ್ಟರು, ಮೈಸೂರಿನ ಕಡೆಯವರು. ಲಲಿತಮ್ಮನ ಕತ್ತನ್ನು ಎರಡೂ ಬದಿ ಒತ್ತಿ ನೋಡಿದರು. ಒಂದು ಕಡೆ ಬೆರಳು ನಿಂತಿತು. ಅವರ ಮುಖ ಗಂಭೀರವಾಯಿತು.

"ನಿಮಗೆ ಹೋದ ಬೇಸಿಗೆಯಲ್ಲೇ ಆಪರೇಷನ್ ದಿನ ಕೊಟ್ಟಿದ್ದರಲ್ಲಮ್ಮ. ಪಕ್ಕದ ಗಂಟುಗಳಿಗೂ ಹೋಗಿದೆ ಈಗ. ಯಾಕೆ ಇಷ್ಟು ತಡ ಮಾಡಿದಿರಿ?"

"ಸೋಯಾ ಬಿತ್ತೋದಿತ್ರಿ ಸರ," ಅಂದಳು ಲಲಿತಮ್ಮ. "ಆಮ್ಯಾಲ ತೊಗರಿ ರಾಶಿ ಬಂತ್ರಿ. ಬರ್ಲಾಕ ಆಗ್ಲಿಲ್ರಿ."

ಸಭೆಯ ಮುಂದೆ ಹೇಳಿದವಳಿಗೆ ಇಲ್ಲಿ ಹೇಳಲು ಏನು ಅಡ್ಡಿ? ನಾನು ಕುರ್ಚಿಯ ತುದಿಗೆ ಸರಿದು, "ಇಲ್ಲ ಡಾಕ್ಟರೇ, ಅದು ನನ್ನಿಂದ..." ಎಂದು ಶುರು ಮಾಡಿದೆ. ತುಟಿ ಸೇರದೆ ಮಾತು ಅಸ್ಪಷ್ಟವಾಗಿ ಹೊರಬಿತ್ತು. ಡಾಕ್ಟರು ಏನು ಎಂದು ನನ್ನ ಕಡೆ ಬಾಗಿದರು.

ಲಲಿತಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಕುಂಟೆ ಹಿಡಿದು ಒರಟಾದ ಕೈ, ಗಟ್ಟಿಯಾಗಿಯೇ ಒತ್ತಿತು.

"ಟೀಚರಿಗಿ ಮಾತಾಡ್ಲಾಕ ತ್ರಾಸ ಆಗ್ತದ್ರಿ ಸರ," ಅಂದಳು. "ಅವರನ್ನ ಕೇಳಬ್ಯಾಡ್ರಿ. ಏನಿದ್ರೂ ನನ್ನೇ ಕೇಳ್ರಿ."

ಡಾಕ್ಟರು ಸರಿ ಎಂದು ಅವಳ ಕಡೆ ತಿರುಗಿದರು.